ಟರ್ಬೈನಿನ ಬಿರುಕಿಗೆ ವೆಲ್ಡಿಂಗ್ ಬಿಟ್ಟು ಬ್ರೇಜಿಂಗ್ ಏಕೆ?

ಮಂಡ್ಯದ ವಿದ್ಯಾರ್ಥಿಯೊಬ್ಬರು ಕೇಳಿರುವುದು, ಬಿಸಿ ಅನಿಲದ ರಭಸಕ್ಕೆ ತಿರುಗುವ ಅನಿಲ ಟರ್ಬೈನಿನ ನಿಕ್ಕಲ್ ಸೂಪರ್‌ಅಲಾಯ್ (ತೀವ್ರ ಕಾವು ತಾಳುವ ಮಿಶ್ರಲೋಹ) ಭಾಗಗಳ ಬಿರುಕನ್ನು ಬ್ರೇಜಿಂಗ್‌ನಿಂದ ಏಕೆ ಮುಚ್ಚುತ್ತಾರೆಂದು. ಬ್ರೇಜಿಂಗ್ ಎಂದರೆ ಮೂಲಲೋಹಕ್ಕಿಂತ ಕಡಿಮೆ ಕಾವಿಗೆ ಕರಗುವ ಪೂರಕಲೋಹವನ್ನು ಕರಗಿಸಿ ಬಿರುಕು ತುಂಬುವುದು.

ಯಂತ್ರ ಚಾಲೂ ಆಗಿ ನಿಲ್ಲುವಾಗಲೆಲ್ಲ ಲೋಹ ಅಸಮವಾಗಿ ಹಿಗ್ಗಿ ಕುಗ್ಗುವುದರಿಂದ, ಬಿಸಿ ಅನಿಲವನ್ನು ತಿರುಗುವ ಬ್ಲೇಡುಗಳತ್ತ ಹಾಯಿಸುವ ಸ್ಥಿರ ವೇನ್‌ಗಳಲ್ಲಿ ಉಷ್ಣ ದಣಿವಿನ ಬಿರುಕುಗಳು ಮೂಡುತ್ತವೆ. ಅಲ್ಯೂಮಿನಿಯಂ, ಟೈಟಾನಿಯಂ ಹೆಚ್ಚಿರುವ ಈ ಮಿಶ್ರಲೋಹಗಳನ್ನು ವೆಲ್ಡ್ ಮಾಡಿದರೆ ಪಕ್ಕದಲ್ಲೇ ಹೊಸ ಬಿರುಕು ಹುಟ್ಟುವುದುಂಟು. ಬ್ರೇಜಿಂಗ್‌ನಲ್ಲಿ ಮೂಲಲೋಹ ಕರಗುವುದಿಲ್ಲ. ಇಡೀ ಭಾಗ ನಿರ್ವಾತ ಕುಲುಮೆಯಲ್ಲಿ ಸಮವಾಗಿ, ಸಾಮಾನ್ಯವಾಗಿ 1100ರಿಂದ 1200 ಡಿಗ್ರಿ ಸೆಲ್ಸಿಯಸ್‌ವರೆಗೆ, ಕಾಯುತ್ತದೆ.

ನನ್ನ ದೃಷ್ಟಿಯಲ್ಲಿ ನಿಜವಾದ ಕಷ್ಟವಿರುವುದು ಅದಕ್ಕೂ ಮುಂಚಿನ ಶುಚಿಯಲ್ಲಿ. ಒಡವೆಗೆ ಬೆಸುಗೆ ಹಾಕುವ ಅಕ್ಕಸಾಲಿಗರೂ ಬಲ್ಲಂತೆ, ಮೈ ಕೊಳೆಯಾಗಿದ್ದರೆ ಬೆಸುಗೆ ಹಿಡಿಯದು. ಬಿರುಕಿನೊಳಗಿನ ಅಲ್ಯೂಮಿನಿಯಂ ಆಕ್ಸೈಡ್ ಬರೀ ಹೈಡ್ರೋಜನ್‌ಗೆ ಜಗ್ಗುವುದಿಲ್ಲವಾದ್ದರಿಂದ, ಬಿಸಿ ಹೈಡ್ರೋಜನ್ ಫ್ಲೋರೈಡ್ ಅನಿಲ ಹಾಯಿಸಿ ಅದನ್ನು ತೆಗೆಯುತ್ತಾರೆ. ಆಮೇಲಷ್ಟೇ ಕರಗಿದ ಪೂರಕಲೋಹ ಲೋಮನಾಳದ ಸೆಳೆತದಿಂದ (ಕಿರಿದಾದ ಸಂದಿಗೆ ದ್ರವ ತಾನಾಗಿ ಎಳೆಯಲ್ಪಡುವುದು) ಒಳಗಿಳಿಯುತ್ತದೆ.

ಪೂರಕದಲ್ಲಿರುವ ಬೋರಾನ್ ಅದರ ಕರಗುವ ಬಿಂದುವನ್ನು ತಗ್ಗಿಸುತ್ತದೆಯಾದರೂ, ಮೂಲಲೋಹಕ್ಕೆ ಸಾಕಷ್ಟು ಹರಡಿಹೋಗದೆ ನಡುವೆಯೇ ಉಳಿದರೆ ಲೋಹದೊಡನೆ ಸೇರಿ ಪೆಡಸಾದ ಬೋರೈಡ್‌ಗಳಾಗಿ ಮತ್ತೆ ಬಿರುಕಿಗೆ ದಾರಿ ಮಾಡುತ್ತದೆ. ಹಾಗಾಗಿ ಗಂಟೆಗಟ್ಟಲೆ ಕಾವಿನಲ್ಲಿಡಬೇಕು. ಬಿರುಕು ಅಗಲವಾಗಿದ್ದರೆ ಸೂಪರ್‌ಅಲಾಯ್ ಪುಡಿಯನ್ನೂ ಬೆರೆಸುತ್ತಾರೆ. ತಿರುಗುವ ಬ್ಲೇಡಿನ ಹೆಚ್ಚು ಒತ್ತಡದ ಜಾಗಗಳಿಗೆ ಈ ದುರಸ್ತಿ ಸಾಮಾನ್ಯವಾಗಿ ಸಲ್ಲದು.