ಓದುಗರ ಪ್ರಶ್ನೆ, ನಮ್ಮ ಉತ್ತರ: ಐನ್‌ಮನೆಯ ಪೆಟ್ಟಿಗೆಯಲ್ಲಿ ಸಿಕ್ಕ ಅರ್ಧಾಣೆಯ ಅಂಚೆಚೀಟಿಗಳು

ಪ್ರಶ್ನೆ: ಮಾನ್ಯರೇ, ಕೊಡಗಿನ ಅಮ್ಮತ್ತಿಯ ಸಮೀಪವಿರುವ ನಮ್ಮ ಕುಟುಂಬದ ಮೂಲಮನೆಯಾದ ಐನ್‌ಮನೆಯ ಅಟ್ಟವನ್ನು ಈ ಬೇಸಿಗೆಯಲ್ಲಿ ಗುಡಿಸುವಾಗ ಮರದ ಪೆಟ್ಟಿಗೆಯೊಂದರಲ್ಲಿ ನಲವತ್ತರಷ್ಟು ಹಳೆಯ ಪತ್ರಗಳು ಸಿಕ್ಕಿದವು. ಕೆಲವು ಲಕೋಟೆಗಳು, ಕೆಲವು ಕಾಗದವನ್ನೇ ಮಡಿಸಿ ಅರಗಿನ ಮುದ್ರೆ ಒತ್ತಿದವು. ಹೆಚ್ಚಿನವುಗಳ ಮೇಲೆ ವಿಕ್ಟೋರಿಯಾ ರಾಣಿಯ ಮುಖವಿರುವ ನೀಲಿ ಬಣ್ಣದ ಅರ್ಧಾಣೆಯ ಚೀಟಿಗಳಿವೆ. ಎರಡು ಚೀಟಿಗಳ ಅಂಚಿನಲ್ಲಿ ಹಲ್ಲುಗಳಿಲ್ಲ, ಉಳಿದವಕ್ಕೆ ಇವೆ. ಒಂದು ಲಕೋಟೆಯ ಮೇಲೆ ಹಸಿರು ಅರ್ಧಾಣೆಯೂ ಇದೆ. ಇವನ್ನು ಬಿಸಿನೀರಿನಲ್ಲಿ ನೆನೆಸಿ ಬಿಡಿಸಿ ಆಲ್ಬಮ್‌ಗೆ ಹಾಕಿದರೆ ಒಳ್ಳೆಯ ಬೆಲೆ ಬರುತ್ತದೆ ಎಂದು ಪರಿಚಿತರೊಬ್ಬರು ಹೇಳುತ್ತಾರೆ. ಇವುಗಳಲ್ಲಿ ಯಾವುದು ಹಳೆಯದು? ನಾವು ಏನು ಮಾಡಬೇಕು?
— ಓದುಗರೊಬ್ಬರು, ಅಮ್ಮತ್ತಿ

ಉತ್ತರ: ಮೊದಲನೆಯದಾಗಿ, ದಯವಿಟ್ಟು ಅವುಗಳಿಗೆ ನೀರು ಮುಟ್ಟಿಸಬೇಡಿ. ಹೈಸ್ಕೂಲಿನಲ್ಲಿದ್ದಾಗ ನಾನು ನಮ್ಮ ಮನೆಯ ಹಳೆಯ ಲಕೋಟೆಗಳನ್ನೆಲ್ಲ ತಟ್ಟೆಯ ನೀರಿನಲ್ಲಿ ನೆನೆಸಿ, ಚೀಟಿಗಳನ್ನು ಬಿಡಿಸಿಕೊಂಡು, ಕಾಗದವನ್ನು ಒಲೆಗೆ ಹಾಕಿದ್ದೆ. ಇಂದು ನನ್ನ ಬಳಿ ಇಪ್ಪತ್ತೆರಡು ಬಿಡಿ ಚೀಟಿಗಳಿವೆ. ಅವು ಯಾವ ಊರಿನಿಂದ ಯಾವ ಊರಿಗೆ, ಯಾರಿಂದ ಯಾರಿಗೆ ಹೋದವು ಎಂಬುದನ್ನು ಹೇಳುವವರು ಯಾರೂ ಉಳಿದಿಲ್ಲ. ಆ ನಷ್ಟ ನಿಮಗೂ ಆಗಬಾರದು ಎಂಬ ಕಾಳಜಿಯಿಂದ ಈ ಉತ್ತರವನ್ನು ಸ್ವಲ್ಪ ದೀರ್ಘವಾಗಿಯೇ ಬರೆಯುತ್ತಿದ್ದೇನೆ.

ಹಲ್ಲುಗಳಿಲ್ಲದ ನೀಲಿ ಚೀಟಿಗಳು 1854ರವು ಆಗಿರುವ ಸಾಧ್ಯತೆಯಿದೆ. ಆ ವರ್ಷದ ಅಂಚೆ ಕಾಯಿದೆಯು ದೂರವನ್ನು ಲೆಕ್ಕಿಸದೆ ತೂಕವನ್ನು ಮಾತ್ರ ನೋಡಿ ದರ ಗೊತ್ತುಮಾಡುವ ಪದ್ಧತಿಯನ್ನು ತಂದಿತು. ಕಾಲು ತೊಲದೊಳಗಿನ, ಅಂದರೆ ಸುಮಾರು ಮೂರು ಗ್ರಾಂ ತೂಗುವ ಪತ್ರಕ್ಕೆ ಅರ್ಧಾಣೆ, ಅರ್ಧ ತೊಲದವರೆಗೆ ಒಂದಾಣೆ. ಮಡಿಕೇರಿಯಿಂದ ಮಂಗಳೂರಿಗೆ ಹೋಗುವ ಪತ್ರಕ್ಕೂ ಪೇಶಾವರಕ್ಕೆ ಹೋಗುವ ಪತ್ರಕ್ಕೂ ಒಂದೇ ದರ ಎಂಬುದು ಅಂದಿನ ಜನರಿಗೆ ಎಂತಹ ಬದಲಾವಣೆಯಾಗಿ ಕಂಡಿರಬೇಕೆಂದು ಊಹಿಸಿಕೊಳ್ಳಿ. ಈ ಚೀಟಿಗಳನ್ನು ಕಲ್ಕತ್ತದ ಸರ್ವೇಯರ್ ಜನರಲ್ ಕಚೇರಿಯಲ್ಲಿ, ಕ್ಯಾಪ್ಟನ್ ತುಯ್ಲಿಯರ್ ಎಂಬ ಅಧಿಕಾರಿಯ ಮೇಲ್ವಿಚಾರಣೆಯಲ್ಲಿ, ನಕ್ಷೆಗಳನ್ನು ಅಚ್ಚುಹಾಕುವ ಕಲ್ಲಚ್ಚಿನಲ್ಲಿಯೇ ಮುದ್ರಿಸಲಾಯಿತು. ಅರ್ಧಾಣೆಯನ್ನು ಮೊದಲು ಕೆಂಪಿನಲ್ಲಿ ತರಬೇಕೆಂದಿದ್ದರೂ, ಅದಕ್ಕೆ ಬೇಕಾದ ಕೆಂಪು ಶಾಯಿ ಮುಗಿದುಹೋದುದರಿಂದ ನೀಲಿಗೆ ತಿರುಗಬೇಕಾಯಿತು. ಹಾಳೆಯಲ್ಲಿ ತೂತುಗಳಿರಲಿಲ್ಲವಾದ್ದರಿಂದ ಅಂಚೆಮನೆಯವರು ಕತ್ತರಿಯಿಂದಲೇ ಚೀಟಿಗಳನ್ನು ಬೇರ್ಪಡಿಸುತ್ತಿದ್ದರು.

ಆದರೆ ಹಲ್ಲಿಲ್ಲದ ಮಾತ್ರಕ್ಕೆ ಚೀಟಿ 1854ರದು ಎಂದು ತೀರ್ಮಾನಿಸಲಾಗದು, ಏಕೆಂದರೆ ನಂತರದ ಚೀಟಿಯ ಹಲ್ಲುಗಳನ್ನು ಕತ್ತರಿಸಿಯೂ ಹಾಗೆ ಕಾಣುವಂತೆ ಮಾಡಬಹುದು. ಭೂತಗನ್ನಡಿ ಹಿಡಿದು ಅಕ್ಷರಗಳನ್ನು ಓದಿ. ಕಲ್ಕತ್ತದ ಚೀಟಿಯಲ್ಲಿ ಮೇಲ್ಗಡೆ ‘ಇಂಡಿಯಾ’ ಎಂದೂ ಕೆಳಗಡೆ ‘ಹಾಫ್ ಆನಾ’ ಎಂದೂ ಮಾತ್ರ ಇರುತ್ತದೆ. ರೇಖೆಗಳು ಸ್ವಲ್ಪ ಒರಟಾಗಿರುತ್ತವೆ. ಅದೇ ‘ಈಸ್ಟ್ ಇಂಡಿಯಾ ಪೋಸ್ಟೇಜ್’ ಎಂದಿದ್ದರೆ, ಅದು ಲಂಡನ್ನಿನ ಡಿ ಲಾ ರೂ ಕಂಪನಿ ಮುದ್ರಿಸಿ ಕಳುಹಿಸುತ್ತಿದ್ದ, ಹಲ್ಲುಳ್ಳ ಚೀಟಿ. ಆ ಕಂಪನಿಯ ಮುದ್ರಣ 1855ರಲ್ಲಿ ನಾಲ್ಕಾಣೆ ಮತ್ತು ಎಂಟಾಣೆಯ ಚೀಟಿಗಳಿಂದ ಆರಂಭವಾಗಿ ಮುಂದೆ ದಶಕಗಳವರೆಗೆ ನಡೆಯಿತು. ಈಸ್ಟ್ ಇಂಡಿಯಾ ಕಂಪನಿಯ ಸರ್ಕಾರ 1858ರಲ್ಲೇ ಕೊನೆಗೊಂಡರೂ ಚೀಟಿಯ ಮೇಲಿನ ‘ಈಸ್ಟ್ ಇಂಡಿಯಾ’ ಎಂಬ ಹೆಸರು 1882ರವರೆಗೆ ಉಳಿದುಕೊಂಡಿತು. ಆ ವರ್ಷದ ಹೊಸ ಸರಣಿಯಲ್ಲಿ ‘ಇಂಡಿಯಾ ಪೋಸ್ಟೇಜ್’ ಎಂದಾಯಿತು, ಅರ್ಧಾಣೆಯು ನೀಲಿಯಿಂದ ಹಸಿರಿಗೆ ಬದಲಾಯಿತು. ಹಾಗಾಗಿ ನಿಮ್ಮ ಹಸಿರು ಚೀಟಿ 1882ಕ್ಕಿಂತ ಹಿಂದಿನದಲ್ಲ.

ನಡುವಿನ ನೀಲಿ ಚೀಟಿಗಳ ಕಾಲವನ್ನು ತಿಳಿಯಲು ಸಂಗ್ರಾಹಕರು ಕಾಗದದೊಳಗಿನ ವಾಟರ್‌ಮಾರ್ಕ್ ನೋಡುತ್ತಾರೆ. 1865ರಿಂದ ಕಾಗದದಲ್ಲಿ ಆನೆಯ ತಲೆಯ ಗುರುತು ಬಂದಿತು. ಬಿಡಿ ಚೀಟಿಯನ್ನು ಕಪ್ಪು ತಟ್ಟೆಯ ಮೇಲೆ ಬೋರಲಾಗಿ ಇಟ್ಟರೆ ಸೊಂಡಿಲು, ಕಿವಿಗಳು ಮಸುಕಾಗಿ ಕಾಣಿಸುತ್ತವೆ. ಲಕೋಟೆಗೆ ಅಂಟಿರುವ ಚೀಟಿಯಲ್ಲಿ ಇದು ಕಾಣುವುದಿಲ್ಲ. ಅದನ್ನು ನೋಡುವ ಆಸೆಗಾಗಿ ಚೀಟಿಯನ್ನು ಬಿಡಿಸುವ ಅಗತ್ಯವೂ ಇಲ್ಲ, ಏಕೆಂದರೆ ನಿಮ್ಮ ಪತ್ರಗಳ ಒಳಗೆ ಬರೆದ ತಾರೀಖೇ ಇರುತ್ತದೆ. ವಾಟರ್‌ಮಾರ್ಕ್ ಹೇಳುವುದಕ್ಕಿಂತ ಖಚಿತವಾದ ಸಂಗತಿಯನ್ನು ಪತ್ರ ಬರೆದವರೇ ಹೇಳಿದ್ದಾರೆ.

ಇನ್ನು ಮೊಹರಿನ ಕಡೆಗೆ ಗಮನ ಕೊಡಿ. ಚೀಟಿಯನ್ನು ರದ್ದುಮಾಡಲು ಬಳಸುತ್ತಿದ್ದ ಅಂದಿನ ಮೊಹರುಗಳಲ್ಲಿ ಹಲವಕ್ಕೆ ಊರಿನ ಹೆಸರಿರಲಿಲ್ಲ. ಬರಿಯ ಗೆರೆ, ಚುಕ್ಕೆ ಅಥವಾ ಸಂಖ್ಯೆ ಇರುತ್ತಿತ್ತು. ಊರಿನ ಹೆಸರು ಮತ್ತು ತಾರೀಖಿನ ಮೊಹರನ್ನು ಲಕೋಟೆಯ ಬೇರೊಂದು ಭಾಗದಲ್ಲಿ, ಅನೇಕ ಸಲ ಹಿಂಬದಿಯಲ್ಲಿ, ಒತ್ತುತ್ತಿದ್ದರು. ಅಲ್ಲಿ ಮಡಿಕೇರಿಯನ್ನು ‘ಮರ್ಕೇರಾ’ ಎಂದೂ ಕುಶಾಲನಗರವನ್ನು ‘ಫ್ರೇಸರ್‌ಪೇಟ್’ ಎಂದೂ ಬರೆದಿರುವುದನ್ನು ನೀವು ನೋಡಬಹುದು. ಚೀಟಿಯನ್ನು ಬಿಡಿಸಿದ ಕ್ಷಣದಲ್ಲಿ ಆ ಸಂಖ್ಯೆಗೂ ಈ ಹೆಸರಿಗೂ ಇರುವ ನಂಟು ಕಡಿದುಹೋಗುತ್ತದೆ. 1854ರ ಸುಮಾರಿಗೆ ಮಡಿಕೇರಿಯ ಬಳಿ ಐರೋಪ್ಯರ ಮೊದಲ ಕಾಫಿ ತೋಟ ಆರಂಭವಾಯಿತು. ಜರ್ಮನ್ ಮಿಷನರಿ ಹರ್ಮನ್ ಮೋಗ್ಲಿಂಗ್ 1853ರಲ್ಲಿ ಕೊಡಗಿಗೆ ಬಂದು ನೆಲಸಿದರು. ಕಾಫಿ ತಲಚೇರಿ, ಮಂಗಳೂರುಗಳಿಗೆ ಇಳಿಯತೊಡಗಿತು. ಈ ಎಲ್ಲ ವ್ಯವಹಾರವೂ ಪತ್ರಗಳ ಮೂಲಕವೇ ನಡೆದದ್ದು. ನಿಮ್ಮ ಪೆಟ್ಟಿಗೆಯಲ್ಲಿರುವುದು ಆ ಕಾಲದ ಕೊಡಗಿನ ದಿನಚರಿ.

ಬೆಲೆಯ ವಿಷಯದಲ್ಲಿ ಹೇಳುವುದಾದರೆ, ನೀಲಿ ಅರ್ಧಾಣೆಯ ಚೀಟಿಗಳು ಕೋಟಿಗಟ್ಟಲೆ ಅಚ್ಚಾದುದರಿಂದ ಬಿಡಿಯಾಗಿ ಅವು ಅಪರೂಪವಲ್ಲ. ಕೊಡಗಿನ ಮೊಹರು ಸ್ಪಷ್ಟವಾಗಿರುವ ಇಡೀ ಲಕೋಟೆಗೆ ಸಂಗ್ರಾಹಕರು ಕೊಡುವ ಬೆಲೆಯೇ ಬೇರೆ. ನಿಮ್ಮ ಪರಿಚಿತರ ಸಲಹೆ ಲಾಭದ ದೃಷ್ಟಿಯಿಂದಲೂ ತಪ್ಪು.

ಕಾಪಾಡುವ ಬಗ್ಗೆ ಇನ್ನೊಂದು ಮಾತು. ಅಟ್ಟದಲ್ಲಿ ಒಲೆಯ ಹೊಗೆಯ ಬಿಸುಪಿಗೆ ಇಷ್ಟು ವರ್ಷ ಒಣಗಿಕೊಂಡಿದ್ದ ಕಾಗದವನ್ನು ಕೆಳಗಿನ ಕೋಣೆಯ ಕಬ್ಬಿಣದ ಬೀರುವಿಗೆ ಇಳಿಸಿದರೆ, ಜುಲೈ–ಆಗಸ್ಟ್ ಹೊತ್ತಿನ ಕಕ್ಕಡ ತಿಂಗಳ ಮಳೆ ಮುಗಿಯುವುದರೊಳಗೆ ಬೂಷ್ಟು ಹಿಡಿದು ಕಂದು ಚುಕ್ಕೆಗಳು ಏಳುತ್ತವೆ. ಪ್ರತಿ ಪತ್ರವನ್ನೂ ಆಮ್ಲರಹಿತ ಕಾಗದದ ನಡುವೆ ಇಟ್ಟು, ಬಿಗಿಯಾದ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಇರಿಸಿ, ಮಳೆಗಾಲದಲ್ಲಿ ತೆರೆಯಬೇಡಿ. ಜನವರಿ–ಫೆಬ್ರವರಿಯ ಒಣ ಹವೆಯಲ್ಲಿ ನೆರಳಿನಲ್ಲಿ ಹರಡಿ ಗಾಳಿಯಾಡಿಸಿ. ಸೆಲೊಟೇಪ್ ಹಚ್ಚುವುದು, ಲ್ಯಾಮಿನೇಷನ್ ಮಾಡಿಸುವುದು ಎರಡೂ ಬೇಡ.

ಪ್ರಶ್ನೆ: ನಮ್ಮ ಶಾಲೆಯ ಮಕ್ಕಳು ತಿರುವಾಂಕೂರು, ಕೊಚ್ಚಿ, ಹೈದರಾಬಾದುಗಳ ಹಳೆಯ ಅಂಚೆಚೀಟಿಗಳನ್ನು ನೋಡಿ, ಕೊಡಗಿನ ಹೆಸರಿನ ಚೀಟಿ ಏಕಿಲ್ಲ ಎಂದು ಕೇಳುತ್ತಾರೆ. ಏನೆಂದು ಉತ್ತರಿಸಲಿ?
— ಶಿಕ್ಷಕಿಯೊಬ್ಬರು, ಪೊಲಿಬೆಟ್ಟ

ಉತ್ತರ: ಹೈದರಾಬಾದ್ 1869ರಲ್ಲಿ, ತಿರುವಾಂಕೂರು 1888ರಲ್ಲಿ, ಕೊಚ್ಚಿ 1892ರಲ್ಲಿ ಸ್ವಂತ ಚೀಟಿಗಳನ್ನು ಹೊರಡಿಸಿದಾಗ ಅಲ್ಲೆಲ್ಲ ಅರಸರ ಆಳ್ವಿಕೆಯಿತ್ತು. ಕೊಡಗಿನಲ್ಲಿ ಚಿಕವೀರರಾಜೇಂದ್ರನನ್ನು 1834ರಲ್ಲೇ ಪದಚ್ಯುತಗೊಳಿಸಿ ಕಂಪನಿಯು ನಾಡನ್ನು ನೇರವಾಗಿ ತನ್ನ ವಶಕ್ಕೆ ತೆಗೆದುಕೊಂಡದ್ದರಿಂದ, ಅಂಚೆಚೀಟಿಗಳು ಹುಟ್ಟುವ ಹೊತ್ತಿಗೆ ಇಲ್ಲಿ ಚೀಟಿ ಹೊರಡಿಸಬಲ್ಲ ಅರಸೊತ್ತಿಗೆಯೇ ಇರಲಿಲ್ಲ. ಇಲ್ಲಿ ನಡೆದದ್ದು ಬ್ರಿಟಿಷ್ ಇಂಡಿಯಾದ ಚೀಟಿಯೇ. ಅರಸರಿದ್ದ ಮೈಸೂರು ಕೂಡ ತನ್ನ ಪ್ರಸಿದ್ಧ ಅಂಚೆ ವ್ಯವಸ್ಥೆಗೆ ಸ್ವಂತ ಚೀಟಿ ಮುದ್ರಿಸಲಿಲ್ಲ, 1889ರಲ್ಲಿ ಅದು ಸಾಮ್ರಾಜ್ಯದ ಅಂಚೆಯೊಂದಿಗೆ ವಿಲೀನವಾಯಿತು. ಮಕ್ಕಳಿಗೆ ಇನ್ನೊಂದು ಸಂಗತಿಯನ್ನೂ ಹೇಳಿ: ಪದಚ್ಯುತ ಅರಸನ ಮಗಳು ಗೌರಮ್ಮ 1852ರಲ್ಲಿ ಲಂಡನ್ನಿನಲ್ಲಿ ಕ್ರೈಸ್ತ ದೀಕ್ಷೆ ಪಡೆದಾಗ ಧರ್ಮಮಾತೆಯಾಗಿ ನಿಂತವಳು ವಿಕ್ಟೋರಿಯಾ ರಾಣಿಯೇ. ಎರಡೇ ವರ್ಷಗಳಲ್ಲಿ ಅದೇ ರಾಣಿಯ ಮುಖ ಕೊಡಗಿನ ಅಂಚೆಮನೆಗಳಲ್ಲಿ ಅರ್ಧಾಣೆಗೆ ಮಾರಾಟವಾಗತೊಡಗಿತು.

ಪ್ರಶ್ನೆ: ವ್ಯಾಪಾರಿಯೊಬ್ಬರು ನನಗೆ ಬಿಳಿಯ ‘ಸಿಂಧ್ ಡಾಕ್’ ಒಂದನ್ನೂ, ಎಂಟು ಮೂಲೆಯಾಗಿ ಕತ್ತರಿಸಿದ ನಾಲ್ಕಾಣೆಯ ಕೆಂಪು–ನೀಲಿ ಚೀಟಿಯೊಂದನ್ನೂ ತೋರಿಸಿದ್ದಾರೆ. ಕೊಳ್ಳಬಹುದೇ?
— ಓದುಗರೊಬ್ಬರು, ಸೋಮವಾರಪೇಟೆ

ಉತ್ತರ: ಸಿಂಧ್ ಡಾಕ್ ಬಗ್ಗೆ ಬಹಳ ಎಚ್ಚರಿಕೆ ಬೇಕು. ಸಿಂಧ್‌ನ ಕಮಿಷನರ್ ಬಾರ್ಟಲ್ ಫ್ರಿಯರ್ 1852ರಲ್ಲಿ ಕರಾಚಿಯಲ್ಲಿ ಹೊರಡಿಸಿದ ಈ ಅರ್ಧಾಣೆಯ ಚೀಟಿಗಳು ಏಷ್ಯಾದಲ್ಲೇ ಮೊದಲನೆಯವು. ಅವುಗಳಲ್ಲಿ ರಾಣಿಯ ಮುಖವಿಲ್ಲ. ವೃತ್ತದೊಳಗೆ ಕಂಪನಿಯ ಹೃದಯಾಕಾರದ ಗುರುತನ್ನು ಉಬ್ಬಚ್ಚಿನಲ್ಲಿ ಒತ್ತಲಾಗಿದೆ. ಉಬ್ಬಚ್ಚನ್ನು ಅನುಕರಿಸುವುದು ಕಷ್ಟವಲ್ಲವಾದ್ದರಿಂದ ನಕಲಿಗಳು ಹೇರಳವಾಗಿವೆ. ಲಂಡನ್ನಿನ ರಾಯಲ್ ಫಿಲಾಟೆಲಿಕ್ ಸೊಸೈಟಿಯಂತಹ ಸಂಸ್ಥೆಯ ಪರಿಣತರ ಪ್ರಮಾಣಪತ್ರವಿಲ್ಲದಿದ್ದರೆ ಮುಂಗಡವನ್ನೂ ಕೊಡಬೇಡಿ.

ನಾಲ್ಕಾಣೆಯದು ಬೇರೆಯೇ ಕಥೆ. 1854ರ ಈ ಚೀಟಿಯ ತಲೆಯನ್ನು ನೀಲಿಯಲ್ಲೂ ಚೌಕಟ್ಟನ್ನು ಕೆಂಪಿನಲ್ಲೂ ಅಚ್ಚುಹಾಕಲು ಪ್ರತಿ ಹಾಳೆಯನ್ನು ಎರಡು ಸಲ ಯಂತ್ರಕ್ಕೆ ಕೊಡಬೇಕಿತ್ತು. ಹಾಳೆ ತಿರುಗುಮುರುಗಾದಾಗ ರಾಣಿಯ ತಲೆ ಕೆಳಗಾದ ಕೆಲವು ಚೀಟಿಗಳು ಇಂದು ಜಗತ್ತಿನ ಅತ್ಯಪೂರ್ವ ಚೀಟಿಗಳ ಸಾಲಿನಲ್ಲಿವೆ. ಚೌಕಟ್ಟು ಎಂಟು ಮೂಲೆಯದಾದ್ದರಿಂದ ಅನೇಕರು ಅದರ ಗೆರೆಯನ್ನೇ ಅನುಸರಿಸಿ ಕತ್ತರಿಸುತ್ತಿದ್ದರು. ಹಾಗೆ ಕತ್ತರಿಸಿದ ಪ್ರತಿಗಳಿಗೆ ನಾಲ್ಕೂ ಕಡೆ ಅಂಚು ಉಳಿದ ಪ್ರತಿಗಿಂತ ಬೆಲೆ ತುಂಬಾ ಕಡಿಮೆ, ಅದೇ ಕಾರಣದಿಂದ ಸಾಧಾರಣ ಆದಾಯದ ಸಂಗ್ರಾಹಕರಿಗೂ ಎಟುಕುತ್ತವೆ. ತಲೆ ನೇರವಾಗಿದ್ದು, ಕಾಗದ ತೆಳುವಾಗಿರದೆ, ವ್ಯಾಪಾರಿ ಬಿಲ್ ಕೊಡಲು ಒಪ್ಪಿದರೆ, ಅದನ್ನು ಕೊಳ್ಳಿ.