ನಡೆದ್ರೆ ಕಾಲು ಸೋಲುತ್ತೆ, ಕೂತ್ರೆ ಸರಿಯಾಗುತ್ತೆ: ಬೆನ್ನಿಗೆ ಸಣ್ಣ ತೂತಿನ ಆಪರೇಷನ್ ಮಾಡಿಸ್ಬೇಕಾ?

ಪ್ರಶ್ನೆ (ಡೊಂಬಿವಲಿಯಿಂದ): ಡಾಕ್ಟ್ರೇ, ಅಪ್ಪಂಗೆ 68 ವರ್ಷ. ಕುಂದಾಪುರ ಕಡೆಯವರು, ಮಾಟುಂಗದ ಹೋಟೆಲಲ್ಲಿ ದೋಸೆ ಕಾವಲಿ ಮುಂದೆ ನಿಂತೇ ಜೀವನ ತೆಗೆದವ್ರು. ಈಗ ಸ್ಟೇಷನ್ನಿಂದ ಮನೆಗೆ ಬರೋದ್ರಲ್ಲಿ ಎರಡು ಮೂರು ಕಡೆ ಕೂರ್ತಾರೆ, ಎರಡೂ ಕಾಲು ಭಾರ, ಜೋಮು, ಕೂತ್ರೆ ಸ್ವಲ್ಪ ಹೊತ್ತಲ್ಲಿ ಸರಿ. ಎಂಆರ್‌ಐನಲ್ಲಿ ಎಲ್4-ಎಲ್5 (ಸೊಂಟದ ಕೊನೆಯ ಎರಡು ಮಣಿ) ಹತ್ರ ಸಿವಿಯರ್ ಸ್ಟೆನೋಸಿಸ್, ಅಂದ್ರೆ ನರದ ದಾರಿ ತುಂಬಾ ಕಿರಿದಾಗಿದೆ ಅಂತ ಬಂದಿದೆ. ಒಬ್ರು ಡಾಕ್ಟ್ರು ಸಣ್ಣ ತೂತಲ್ಲಿ ಮುಗಿಸ್ತೀವಿ ಅಂತಾರೆ, ಇನ್ನೊಬ್ರು ಮಣಿಗಳನ್ನ ಸೇರ್ಸಿ ಬಿಗಿಯೋಕೆ ಸ್ಕ್ರೂ ಹಾಕ್ಲೇಬೇಕು ಅಂತಾರೆ. ಊರಿಂದ ಅತ್ತೆ ಫೋನ್ ಮಾಡಿ, ಬೆನ್ನಿಗೆ ಕತ್ತಿ ಹಾಕಿಸಿದ್ರೆ ಅಣ್ಣ ಹಾಸಿಗೆ ಹಿಡೀತಾನೆ ಅಂತ ಅಳ್ತಾರೆ. ಯಾರ ಮಾತು ಕೇಳೋದು?

ಉತ್ತರ: ನೀವು ಬರ್ದಿರೋದ್ರಲ್ಲಿ ನಂಗೆ ಎಂಆರ್‌ಐಗಿಂತ ಮುಖ್ಯ ಅನ್ಸಿದ್ದು 'ಕೂತ್ರೆ ಸರಿ' ಅನ್ನೋ ಮಾತು. ಸೊಂಟದ ಮಣಿಗಳ ಒಳಗೆ ನರಗಳು ಇಳಿಯೋ ದಾರಿ ಇದ್ಯಲ್ಲ, ವಯಸ್ಸಾಗ್ತಾ ಹಿಂದಿನಿಂದ ಲಿಗಮೆಂಟ್ (ಮಣಿಗಳನ್ನ ಕಟ್ಟಿ ಹಿಡಿಯೋ ಪಟ್ಟಿ) ದಪ್ಪ ಆಗುತ್ತೆ, ಪಕ್ಕದ ಕೀಲುಗಳು ಸವೆದು ಊದ್ಕೊಳ್ತವೆ, ಮುಂದಿನಿಂದ ಡಿಸ್ಕ್ (ಮಣಿಗಳ ನಡುವಿನ ಮೆತ್ತೆ) ಉಬ್ಬುತ್ತೆ, ದಾದರ್ ಬ್ರಿಜ್ ಮೇಲೆ ಎರಡೂ ಕಡೆ ಅಂಗಡಿ ಹಾಕಿ ನಡುವೆ ಒಬ್ರೇ ಹೋಗೋವಷ್ಟು ಜಾಗ ಉಳಿದಂಗೆ. ನೆಟ್ಟಗೆ ನಿಂತಾಗ, ನಡೆದಾಗ ಆ ಜಾಗ ಇನ್ನೂ ಕಿರಿದಾಗುತ್ತೆ, ಮುಂದಕ್ಕೆ ಬಾಗಿದ್ರೆ, ಕೂತ್ರೆ ಸ್ವಲ್ಪ ತೆರ್ಕೊಳ್ಳುತ್ತೆ. ಅದಕ್ಕೇ ಇಂಥವ್ರು ಸೂಪರ್‌ಮಾರ್ಕೆಟ್ ಟ್ರಾಲಿ ಹಿಡ್ಕೊಂಡು ಬಾಗಿ ಎಷ್ಟು ಬೇಕಾದ್ರೂ ಸುತ್ತುತ್ತಾರೆ, ಸೈಕಲ್ಲೂ ಹೊಡೀತಾರೆ, ಬಸ್ ಸ್ಟಾಪಲ್ಲಿ ನಿಲ್ಲೋಕ್ ಮಾತ್ರ ಆಗಲ್ಲ. ಅಂದಹಾಗೆ ಕಾವಲಿ ಮುಂದೆ ನಿಂತಿದ್ದಕ್ಕೇ ಬಂತು ಅಂತ ಅಪ್ಪ ಕೊರಗ್ತಿದ್ರೆ ಬೇಡ ಅನ್ನಿ, ಕುರ್ಚಿ ಕೆಲಸದವ್ರಿಗೂ ಇದು ಬರುತ್ತೆ.

ಒಂದು ವಿಷಯ ಮೊದಲು ನೋಡ್ಬೇಕು. ಕಾಲಿನ ರಕ್ತನಾಳ ಬ್ಲಾಕ್ ಆದ್ರೂ ನಡೆದಾಗ ಕಾಲು ನೋಯುತ್ತೆ, ಆದ್ರೆ ಅವ್ರಿಗೆ ಕೂರೋದೇ ಬೇಡ, ಸುಮ್ನೆ ನಿಂತ್ರೂ ಕಡಿಮೆ ಆಗುತ್ತೆ. ಬೀಡಿ-ಸಿಗರೇಟು, ಶುಗರ್ ಇದ್ದವ್ರಲ್ಲಿ ಎರಡೂ ಒಟ್ಟಿಗೇ ಇರಬಹುದು. ಪಾದದ ನಾಡಿ ಮುಟ್ಟಿ ನೋಡದೇ ಡೈರೆಕ್ಟ್ ಆಪರೇಷನ್ ಡೇಟ್ ಕೊಟ್ರೆ ನಾನಾಗಿದ್ರೆ ಇನ್ನೊಬ್ರ ಹತ್ರ ಹೋಗ್ತಿದ್ದೆ.

ಈಗ ಸಣ್ಣ ತೂತಿನ ವಿಷಯ. ಹಳೇ ಪದ್ಧತಿಯಲ್ಲಿ ಬೆನ್ನ ನಡುವೆ ಉದ್ದಕ್ಕೆ ಕೊಯ್ದು, ಎರಡೂ ಕಡೆ ಮಾಂಸಖಂಡ ಬಿಡಿಸಿ, ಮಣಿಯ ಹಿಂದಿನ ಮೂಳೆ ತೆಗೀತಾರೆ. ಹೊಸದ್ರಲ್ಲಿ ಒಂದೇ ಕಡೆಯಿಂದ ಹೆಚ್ಚುಕಮ್ಮಿ ಎರಡು ಸೆಂಟಿಮೀಟರ್ ಅಗಲದ ಟ್ಯೂಬ್ ಇಳಿಸಿ, ಮಾಂಸಖಂಡ ಕತ್ತರಿಸದೇ ಸರಿಸಿ, ಮೈಕ್ರೋಸ್ಕೋಪಲ್ಲಿ ನೋಡ್ತಾ ಆ ಕಡೆ ನರವನ್ನ ಒತ್ತಡದಿಂದ ಬಿಡಿಸಿ, ಅಲ್ಲಿಂದ್ಲೇ ಓರೆ ಮಾಡಿ ಇನ್ನೊಂದು ಕಡೆಯದ್ನೂ ಬಿಡಿಸ್ತಾರೆ. ಎಂಡೋಸ್ಕೋಪ್ (ತುದಿಯಲ್ಲಿ ಕ್ಯಾಮೆರಾ ಇರೋ ಸಣ್ಣ ಕೊಳವೆ) ಆದ್ರೆ ತೂತು ಇನ್ನೂ ಸಣ್ಣದು. ರಕ್ತ ಕಡಿಮೆ ಹೋಗುತ್ತೆ, ಮೊದಲ ವಾರದ ನೋವು ಕಡಿಮೆ, ಹೆಚ್ಚಿನವ್ರನ್ನ ಅವತ್ತು ಸಂಜೆ ಇಲ್ಲಾ ಮರುದಿನ ನಡೆಸ್ತಾರೆ, ಒಂದೆರಡು ದಿನಕ್ಕೆ ಮನೆ. ಆದ್ರೆ ವರ್ಷ ಎರಡು ವರ್ಷ ಆದ್ಮೇಲೆ ಅಪ್ಪ ಎಷ್ಟು ದೂರ ನಡೀತಾರೆ ಅನ್ನೋದು ತೂತಿನ ಸೈಜ್ ಮೇಲಿಲ್ಲ, ಒಳಗೆ ನರಕ್ಕೆ ಜಾಗ ಸರಿಯಾಗಿ ಆಯ್ತಾ ಇಲ್ವಾ ಅನ್ನೋದ್ರ ಮೇಲಿದೆ. ಲೇಸರ್, ರೋಬೋಟ್ ಅಂತ ಬೋರ್ಡ್ ನೋಡಿ ಮರುಳಾಗ್ಬೇಡಿ, ಇದೇ ಆಪರೇಷನ್ ವಾರಾ ವಾರಾ ಮಾಡೋ ಕೈ ಹುಡುಕಿ.

ಸ್ಕ್ರೂ ಬೇಕಾ? ಮಣಿ ಒಂದರ ಮೇಲೊಂದು ಜರುಗಿದ್ಯಾ ಅಂತ ನಿಂತು, ಬಾಗಿ ಎಕ್ಸ್‌ರೇ ತೆಗೆಸಿ, ಮಲಗಿ ತೆಗೆಯೋ ಎಂಆರ್‌ಐನಲ್ಲಿ ಅದು ಎಷ್ಟೋ ಸಲ ಕಾಣಲ್ಲ. ಜರುಗಿಲ್ಲ ಅಂದ್ರೆ ಸ್ಕ್ರೂ ಯಾಕೆ ಅಂತ ಆ ಡಾಕ್ಟ್ರನ್ನ ನೇರ ಕೇಳಿ, ಕೇಳೋದ್ರಲ್ಲಿ ಮುಜುಗರ ಏನಿಲ್ಲ. ಜರುಗಿದವ್ರಲ್ಲೂ ನಾರ್ವೆಯಲ್ಲಿ ಮಾಡಿ 2021ರಲ್ಲಿ ಪ್ರಕಟ ಆದ ಸ್ಟಡಿ ಪ್ರಕಾರ, ಬರೀ ನರ ಬಿಡಿಸಿದವ್ರು ಎರಡು ವರ್ಷಕ್ಕೆ ಸ್ಕ್ರೂ ಹಾಕಿಸ್ಕೊಂಡವ್ರಿಗಿಂತ ಹಿಂದೆ ಬಿದ್ದಿರ್ಲಿಲ್ಲ, ಮತ್ತೆ ಆಪರೇಷನ್ ಬೇಕಾದವ್ರು ಮಾತ್ರ ಸ್ವಲ್ಪ ಹೆಚ್ಚಿದ್ರು. ಹಂಗಂತ ಸ್ಕ್ರೂ ಯಾರಿಗೂ ಬೇಡ ಅಂತಲ್ಲ, ಬಾಗಿದಾಗ ಮಣಿ ತುಂಬಾ ಆಡ್ತಿದ್ರೆ, ಬೆನ್ನು ಸೊಟ್ಟಗಾಗಿದ್ರೆ ಬೇಕಾಗುತ್ತೆ.

ಅತ್ತೆಯ ಭಯಕ್ಕೆ ಉತ್ತರ: ಕಾಲು ಪೂರ್ತಿ ಹೋಗೋದು ತೀರಾ ಅಪರೂಪ, ಆದ್ರೆ ರಿಸ್ಕೇ ಇಲ್ಲ ಅಂತ ಯಾರಾದ್ರೂ ಹೇಳಿದ್ರೆ ನಂಬ್ಬೇಡಿ. ನರದ ಪೊರೆ ಹರಿದು ನೀರು ಸೋರಬಹುದು (ಹೆಚ್ಚಾಗಿ ಅಲ್ಲೇ ಸರಿ ಮಾಡ್ತಾರೆ, ಒಂದೆರಡು ದಿನ ಜಾಸ್ತಿ ಮಲಗ್ಬೇಕು), ಇನ್ಫೆಕ್ಷನ್ ಆಗಬಹುದು, ಒಳಗೆ ರಕ್ತ ಹೆಪ್ಪುಗಟ್ಟಿ ನರ ಒತ್ತಬಹುದು. ಇನ್ನೊಂದು ಮಾತು ಅಪ್ಪಂಗೆ ಮುಂಚೆನೇ ಹೇಳಿಡಿ, ಕಾಲಿನ ಭಾರ, ನಡೆಯೋ ದೂರ ಸುಧಾರಿಸುತ್ತೆ, ಹಳೇ ಸೊಂಟನೋವು ಪೂರ್ತಿ ಹೋಗುತ್ತೆ ಅನ್ನೋ ಗ್ಯಾರಂಟಿ ಇಲ್ಲ, ಪಾದದ ಜೋಮು ನಿಧಾನ, ಕೆಲವ್ರಿಗೆ ಉಳಿದೇಬಿಡುತ್ತೆ. ರಕ್ತ ತೆಳು ಮಾಡೋ ಮಾತ್ರೆ ತಗೊಳ್ತಿದ್ರೆ ಸರ್ಜನ್ನಿಗೂ ಹಾರ್ಟ್ ಡಾಕ್ಟ್ರಿಗೂ ಇಬ್ರಿಗೂ ಹೇಳಿ, ನೀವೇ ನಿಲ್ಲಿಸ್ಬೇಡಿ.

ಮಾಡಿಸ್ಲೇಬೇಕಾ ಅಂದ್ರೆ, ಅವಸರ ಇಲ್ಲ. ಎಷ್ಟೋ ಜನ ವರ್ಷಗಟ್ಲೆ ಹಂಗೇ ಇರ್ತಾರೆ, ಎಲ್ರಿಗೂ ಬಿಗಡಾಯಿಸಲ್ಲ. ಸರಿಯಾದ ಫಿಸಿಯೋ ಮೂರು ತಿಂಗಳು ಮಾಡಿ, ಆಮೇಲೂ ಸಂಘದ ಕಾರ್ಯಕ್ರಮಕ್ಕೆ ಹೋಗೋದು, ಮಾರ್ಕೆಟ್‌ಗೆ ಹೋಗೋದು ಎಲ್ಲಾ ಬಿಟ್ಟು ಮನೇಲೇ ಕೂತಿದ್ದಾರೆ ಅಂದ್ರೆ ನನ್ನ ಓಟು ಆಪರೇಷನ್ನಿಗೆ. ಆದ್ರೆ ಮೂತ್ರ ಕಟ್ಟಿದ್ರೆ ಅಥವಾ ಗೊತ್ತಾಗದಂಗೆ ಹೋದ್ರೆ, ಕೂರೋ ಜಾಗ ಮರಗಟ್ಟಿದ್ರೆ, ಪಾದ ಎತ್ತಕ್ಕಾಗದೇ ಚಪ್ಪಲಿ ಜಾರ್ತಿದ್ರೆ ಅವತ್ತೇ ಆಸ್ಪತ್ರೆ, ಅಪಾಯಿಂಟ್ಮೆಂಟ್ ಕಾಯೋ ಹಂಗಿಲ್ಲ. ಖರ್ಚು ಯೋಚನೆ ಆದ್ರೆ ಕೆಇಎಮ್, ಸಾಯನ್ ಥರದ ಮುನಿಸಿಪಾಲ್ಟಿ ಆಸ್ಪತ್ರೆಗಳೂ ಇವೆ, ಕ್ಯೂ ಉದ್ದ, ತಾಳ್ಮೆ ಬೇಕು ಅಷ್ಟೇ.

ಪ್ರಶ್ನೆ (ಪುಣೆ, ಪಿಂಪ್ರಿಯಿಂದ): ನಂಗೂ ಇದೇ ತೊಂದ್ರೆ, 61 ವರ್ಷ, ಶುಗರ್ ಇದೆ. ಬೆನ್ನಿಗೆ ಸ್ಟೆರಾಯ್ಡ್ ಇಂಜೆಕ್ಷನ್ ತಗೊಂಡು ಆಪರೇಷನ್ ತಪ್ಪಿಸ್ಬಹುದಾ ಸರ್?

ಉತ್ತರ: ಮುಂದೂಡಬಹುದು, ತಪ್ಪಿಸೋದು ಕಷ್ಟ. 2014ರಲ್ಲಿ ಬಂದ ಅಮೆರಿಕದ ಒಂದು ಸ್ಟಡಿಯಲ್ಲಿ ಈ ಕಾಯಿಲೆಯವ್ರಿಗೆ ಬರೀ ಮರಗಟ್ಟಿಸೋ ಔಷಧಿ ಕೊಟ್ಟಿದ್ದಕ್ಕೂ ಅದ್ರ ಜೊತೆ ಸ್ಟೆರಾಯ್ಡ್ ಸೇರ್ಸಿ ಕೊಟ್ಟಿದ್ದಕ್ಕೂ ಆರು ವಾರಕ್ಕೆ ಹೇಳ್ಕೊಳ್ಳೋ ಅಂಥ ವ್ಯತ್ಯಾಸ ಇರ್ಲಿಲ್ಲ. ಮಗಳ ಮದುವೆ ಮುಗೀಲಿ ಅಂತ ಒಂದು ಸಲ ತಗೊಂಡ್ರೆ ನಾನು ಬೇಡ ಅನ್ನಲ್ಲ, ಆದ್ರೆ ಆಮೇಲೆ ಕೆಲವು ದಿನ ಶುಗರ್ ಏರುತ್ತೆ, ಮನೇಲಿ ಚೆಕ್ ಮಾಡ್ತಾ ಇರಿ. ಮತ್ತೆ ಪಾದದ ಉರಿ ರಾತ್ರಿ ಮಲಗಿದಾಗ್ಲೂ ಇದ್ರೆ ಅದು ಶುಗರ್‌ದೇ ಇರಬಹುದು, ಬೆನ್ನು ಆಪರೇಷನ್ ಮಾಡಿಸಿದ್ರೆ ಅದು ಹೋಗಲ್ಲ.

ಪ್ರಶ್ನೆ (ಗೋವಾ, ವಾಸ್ಕೋದಿಂದ): ಅವ್ವಗ 74. ಬರೀ ಸೊಂಟ ನೋವು, ಕಾಲಿಗೆ ಏನೂ ಇಲ್ರಿ, ನಡೀತಾಳ. ರಿಪೋರ್ಟ್‌ನ್ಯಾಗ ಸ್ಟೆನೋಸಿಸ್ ಅಂತ ಬರದಾರ, ಆಪರೇಷನ್ ಬೇಕೇನ್ರಿ?

ಉತ್ತರ: ಬೇಡ. ಈ ವಯಸ್ಸಲ್ಲಿ ಏನೂ ತೊಂದ್ರೆ ಇಲ್ಲದವ್ರ ಎಂಆರ್‌ಐನಲ್ಲೂ ಸ್ಟೆನೋಸಿಸ್ ಕಾಣುತ್ತೆ, ಈ ಆಪರೇಷನ್ ಇರೋದು ಕಾಲಿನ ತೊಂದ್ರೆಗೆ. ಬದ್ಲಿಗೆ ಮೂಳೆ ಟೊಳ್ಳಾಗಿದ್ಯಾ ಅಂತ ನೋಡೋ ಟೆಸ್ಟ್ ಮಾಡಿಸಿ, ಬಾಂಬೋಳಿಯ ಸರ್ಕಾರಿ ಮೆಡಿಕಲ್ ಕಾಲೇಜಲ್ಲಿ ಒಮ್ಮೆ ತೋರ್ಸಿ. 70 ದಾಟಿದವ್ರಿಗೆ ಆದಾಯ ಎಷ್ಟೇ ಇರ್ಲಿ ಆಯುಷ್ಮಾನ್ ಕಾರ್ಡ್ ಸಿಗುತ್ತೆ, 2024ರಿಂದ ಶುರುವಾಗಿದೆ, ಮುಂದೆ ಬೇಕಾದ್ರೆ ಇರ್ಲಿ ಅಂತ ಅವ್ವನ ಆಧಾರ್ ತಗೊಂಡು ಹೋಗಿ ಈಗ್ಲೇ ಮಾಡಿಸಿಡಿ.