ಡೆತ್ ವ್ಯಾಲಿಯ ಆ ಹಳದಿ ಹೂವು ಯಾವುದು?

ಮಾರ್ಚ್‌ನಲ್ಲಿ ಅಮೆರಿಕದ ಡೆತ್ ವ್ಯಾಲಿ ಮರುಭೂಮಿಯ ರಸ್ತೆ ಬದಿ ನೀವು ಕಂಡು, ಮೇಲಿಂದ ತೆಗೆದ ಒಂದು ಫೋಟೋ ಹಾಕಿ ಹೆಸರು ಕೇಳಿದ, ಸೂರ್ಯಕಾಂತಿ ಥರದ ಮೊಣಕಾಲೆತ್ತರದ ಗಿಡ ಬಹುಶಃ ಡೆಸರ್ಟ್ ಗೋಲ್ಡ್, ವೈಜ್ಞಾನಿಕ ಹೆಸರು ಜೆರಿಯಾ ಕ್ಯಾನೆಸೆನ್ಸ್.

ಮೊದಲು ಬುಡ ನೋಡಿ. ಕಟ್ಟಿಗೆಯಂತೆ ಗಟ್ಟಿಯಾಗಿ, ಪೊದೆಯಾಗಿದ್ದರೆ ಅದು ಬ್ರಿಟಲ್‌ಬುಷ್. ಡೆಸರ್ಟ್ ಗೋಲ್ಡ್ ಥರ ಒಂದೇ ವರ್ಷ ಬದುಕುವ ಗಿಡವೇ ಅಲ್ಲ. ಬುಡ ಹಸಿಯಾಗಿ ಮೆತ್ತಗಿದ್ದರೆ ಹೂವನ್ನು ಮೆಲ್ಲಗೆ ಬಾಗಿಸಿ ಹಿಂಬದಿ ನೋಡಿ. ಕೀಳಬೇಡಿ, ರಾಷ್ಟ್ರೀಯ ಉದ್ಯಾನದಲ್ಲಿ ಅದು ನಿಷಿದ್ಧ. ಹಿಂಬದಿಯ ಹಸಿರು ಎಸಳುಗಳ ಅಂಚಿಗೆ ಉದ್ದನೆಯ ಬಿಳಿ ರೋಮ ಸಾಲಾಗಿ ನಿಂತಿದ್ದರೆ ಡೆಸರ್ಟ್ ಗೋಲ್ಡ್ ಅಂತಲೇ ಹೇಳಬಹುದು. ಎಲೆಯ ಮೇಲೂ ಬೂದು ರೋಮ ಇರುತ್ತೆ.

ನಡುವೆ ದುಂಡನೆ ಚಕ್ರವಿಲ್ಲದೆ ಬರೀ ತೆಳು ಹಳದಿ ದಳಗಳೇ ತುಂಬಿದ್ದರೆ ಡೆಸರ್ಟ್ ಡ್ಯಾಂಡೆಲಿಯನ್. ಮೇಲಿಂದ ತೆಗೆದ ಒಂದೇ ಫೋಟೋದಲ್ಲಿ ಇದೆಲ್ಲ ಕಾಣಲ್ಲ ಅಲ್ವಾ? ಬುಡದ್ದೊಂದು, ಹೂವಿನ ಹಿಂಬದಿಯದ್ದೊಂದು ಫೋಟೋ ಹಾಕಿ.